ಅಂಡಮಾನಿಗೆ ಮಕ್ಕಳೊಂದಿಗೆ: ಹೊರಡುವ ಮುನ್ನ ಒಂದಿಷ್ಟು ಮಾತು



ನಮ್ಮ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ಕೋಲಾಟ ಆಡುತ್ತಿದ್ದ ಹುಡುಗ ಹುಡುಗಿಯರು ನೀವು. ಈಗ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ನಿಮ್ಮ ನಿಮ್ಮ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅತ್ತರೆ ಎದ್ದು ಓಡಲು ಅನುಕೂಲವಾಗಲೆಂದು ಬಾಗಿಲ ಪಕ್ಕದಲ್ಲೇ ಕುಳಿತಿರುತ್ತೀರಿ. "ಆಂಟಿ, ಮೊಮ್ಮಕ್ಕಳನ್ನು ಕರೆದುಕೊಂಡು ಅಂಡಮಾನಿಗೆ ಹೋಗಿದ್ದಿರಂತೆ. ನಾವೂ ಹೋಗಬೇಕೆಂದಿದ್ದೇವೆ. ಏನೇನು ಜೋಡಿಸಿಕೊಳ್ಳಬೇಕು?" ಎಂದು ನಿಮ್ಮಲ್ಲಿ ನಾಲ್ಕೈದು ಜನ ಕೇಳಿದ್ದೀರಿ. ಪ್ರತಿ ಸಲವೂ ಚಪ್ಪಲಿ ಹುಡುಕುತ್ತಾ ಅರ್ಧ ಉತ್ತರ ಹೇಳಿ ಬಂದಿದ್ದೇನೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುವವರೂ ನಿಮ್ಮಲ್ಲಿದ್ದೀರಿ ಎಂದು ನನಗೆ ಗೊತ್ತು. ಆದ್ದರಿಂದ ದೊಡ್ಡ ದೊಡ್ಡ ಮಾತುಗಳಿಗೆ ಹೋಗುವುದಿಲ್ಲ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಮಲೆನಾಡಿನವಳು. ಮದುವೆಯಾಗಿ ಮದರಾಸಿಗೆ ಬರುವವರೆಗೆ ಸಮುದ್ರವನ್ನೇ ಕಂಡವಳಲ್ಲ. ಬಿ.ಎ.ನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ರಾಬಿನ್ಸನ್ ಕ್ರೂಸೋನ ಕಥೆ ಬಾಯಿಪಾಠವಾಗಿತ್ತು. ದ್ವೀಪದ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ. ಆ ಮಹಾರಾಯನ ಜೊತೆ ಎರಡೂವರೆ ವರ್ಷದ ಮಗು ಇರಲಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಹೊಳೆಯಿತು!

2025ರ ಜನವರಿಯಲ್ಲಿ ನಾವು ಆರು ಜನ ಹೊರಟೆವು. ನಾನು, ನಮ್ಮವರು, ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು, ಎರಡೂವರೆ ವರ್ಷದ ಮೊಮ್ಮಗ. ಇವರಿಬ್ಬರನ್ನು ಇಲ್ಲಿ ಪುಟ್ಟಿ, ಪುಟ್ಟ ಎಂದೇ ಕರೆಯುತ್ತೇನೆ. ಚೆನ್ನೈನಿಂದ ಪೋರ್ಟ್ ಬ್ಲೇರಿಗೆ ವಿಮಾನದಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು, ಹಡಗಿನಲ್ಲಾದರೆ ಸುಮಾರು ಮೂರು ದಿನ. ಚಿಕ್ಕ ಮಕ್ಕಳಿದ್ದರೆ ಹಡಗಿನ ಆಸೆ ಈಗ ಬೇಡ. ಪೋರ್ಟ್ ಬ್ಲೇರಿಗೆ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯ ಪುರಂ ಎಂದು ಹೆಸರಾಗಿದೆ. ಹ್ಯಾವ್‌ಲಾಕ್ ದ್ವೀಪ 2018ರಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. ಬೋರ್ಡುಗಳಲ್ಲಿ, ಟಿಕೆಟುಗಳಲ್ಲಿ ಎರಡು ಹೆಸರುಗಳೂ ಕಾಣಸಿಗುತ್ತವೆ, ಗಾಬರಿಯಾಗಬೇಡಿ. ನನ್ನ ಬಾಯಿಗೆ ಬರುವುದು ಹಳೆಯ ಹೆಸರೇ.

ನಮ್ಮವರು ನಿವೃತ್ತ ಲೆಕ್ಕಪತ್ರದವರು. ಎಲ್ಲಕ್ಕೂ ಒಂದು ಪಟ್ಟಿ ಬೇಕು. ಏಳು ದಿನಕ್ಕೆ ಗಂಟೆ ಗಂಟೆಯ ಕಾರ್ಯಕ್ರಮ ಬರೆದು, ಅದರ ಆರು ಪ್ರತಿ ತೆಗೆಸಿ, ಪುಟ್ಟನ ಹೆಸರಿನಲ್ಲೂ ಒಂದು ಪ್ರತಿ ಇಟ್ಟಿದ್ದರು. ಮೊದಲ ದಿನ ಸೆಲ್ಯುಲಾರ್ ಜೈಲು, ರಾತ್ರಿ ಅಲ್ಲಿಯ ಧ್ವನಿ-ಬೆಳಕಿನ ಪ್ರದರ್ಶನ. ಎರಡನೆಯ ದಿನ ರಾಸ್ ದ್ವೀಪ ಮತ್ತು ನಾರ್ತ್ ಬೇ. ಮೂರನೆಯ ದಿನ ಹ್ಯಾವ್‌ಲಾಕ್, ಅಂದೇ ರಾಧಾನಗರದ ಸೂರ್ಯಾಸ್ತ. ನಾಲ್ಕನೆಯ ದಿನ ಎಲಿಫೆಂಟ್ ಬೀಚ್. ಐದಕ್ಕೆ ನೀಲ್, ಆರಕ್ಕೆ ವಾಪಸ್ಸು, ಏಳಕ್ಕೆ ವಿಮಾನ. "ಇಷ್ಟು ದುಡ್ಡು ಕೊಟ್ಟು ಹೋಗುತ್ತೇವೆ, ಒಂದನ್ನೂ ಬಿಡಬಾರದು" ಎಂದು ಅದಕ್ಕೆ ಒತ್ತಾಸೆ ಕೊಟ್ಟವಳು ನಾನೇ. ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೊದಲ ಎರಡು ದಿನ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ಸೆಲ್ಯುಲಾರ್ ಜೈಲನ್ನು 1896ರಿಂದ 1906ರವರೆಗೆ ಕಟ್ಟಿದರು. ಏಳು ರೆಕ್ಕೆಗಳಲ್ಲಿ ಈಗ ಮೂರು ಮಾತ್ರ ಉಳಿದಿವೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣದಂತೆ ಕಟ್ಟಿದ ಆ ಸಾಲು ಕೋಣೆಗಳನ್ನು ನೀವು ನೋಡಲೇಬೇಕು. ಆದರೆ ಆರು ವರ್ಷದ ಮಗುವಿಗೆ ಹಗಲಿನಲ್ಲಿ ತೋರಿಸಿ ನಾಲ್ಕು ಮಾತು ಹೇಳಿದರೆ ಸಾಕು. ಬೆಳಗಿನ ಜಾವ ಮೂರಕ್ಕೆ ಎದ್ದ ಮಕ್ಕಳನ್ನು ರಾತ್ರಿಯ ಪ್ರದರ್ಶನಕ್ಕೂ ಕೂರಿಸಿದ್ದು ನಮ್ಮ ದಡ್ಡತನ. ಪುಟ್ಟಿ ಕತ್ತಲಲ್ಲಿ ಹೆದರಿ ನನ್ನ ಸೆರಗಿನೊಳಗೆ ಸೇರಿಕೊಂಡಳು, ಪುಟ್ಟ ಅತ್ತು ಅತ್ತು ನಿದ್ದೆಹೋದ.

ರಾಸ್ ದ್ವೀಪ ಮಾತ್ರ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಒಂದು ಕಾಲಕ್ಕೆ ಬ್ರಿಟಿಷರ ಆಡಳಿತ ನಡೆಯುತ್ತಿದ್ದ ಆ ಊರನ್ನು ಈಗ ಮರದ ಬೇರುಗಳು ನುಂಗಿವೆ. ಜಿಂಕೆಗಳು ಹತ್ತಿರ ಬರುತ್ತವೆ, ನವಿಲುಗಳು ಓಡಾಡುತ್ತವೆ. ನಾರ್ತ್ ಬೇಗೆ ಹೋಗುವಾಗ ಮನೆಯಿಂದ ಹಳೆಯ ಕೆಂಪು ಬಣ್ಣದ 20 ರೂಪಾಯಿಯ ನೋಟು ಒಂದನ್ನು ಇಟ್ಟುಕೊಳ್ಳಿ. ಅದರ ಹಿಂಬದಿಯಲ್ಲಿರುವ ತೆಂಗಿನ ಮರಗಳು, ದೀಪಸ್ತಂಭ ಇಲ್ಲಿಯವೇ. ನೋಟನ್ನು ಹಿಡಿದು ಹೋಲಿಸುವ ಆಟದಲ್ಲಿ ಪುಟ್ಟಿಗೆ ಅರ್ಧ ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಮೂರನೆಯ ದಿನ ಬೆಳಗಿನ ಮೊದಲ ದೋಣಿಗೆ ಹ್ಯಾವ್‌ಲಾಕಿಗೆ ಹೊರಟೆವು. ಖಾಸಗಿ ವೇಗದ ದೋಣಿಗೆ ಸುಮಾರು ಒಂದೂವರೆ ಗಂಟೆ, ಸರ್ಕಾರಿ ದೋಣಿಗೆ ಎರಡೂವರೆ ಗಂಟೆಯ ಹಾದಿ. ದಾರಿಯಲ್ಲಿ ಪುಟ್ಟ ಎರಡು ಸಲ ವಾಂತಿ ಮಾಡಿಕೊಂಡ. "ದೋಣಿ ಪ್ರಯಾಣ, ಎಲ್ಲರಿಗೂ ಆಗುತ್ತದೆ" ಎಂದುಕೊಂಡೆವು. ಕೋಣೆಗೆ ಸಾಮಾನು ಹಾಕಿ, ಊಟ ಮುಗಿಸಿ, ಉರಿಬಿಸಿಲಿನಲ್ಲೇ ಸುಮಾರು 12 ಕಿ.ಮೀ. ದೂರದ ರಾಧಾನಗರಕ್ಕೆ ಹೋದೆವು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಹೊಗಳಿದ ಜಾಗ ಅದು. ಹೊಗಳಿಕೆ ಸುಳ್ಳಲ್ಲ. ಹಿಂದೆ ಮುಗಿಲೆತ್ತರದ ಮರಗಳು, ಮುಂದೆ ಹಿಟ್ಟಿನಂಥ ಬಿಳಿ ಮರಳು, ಆಚೆ ನವಿಲುಗರಿಯ ಬಣ್ಣದ ನೀರು. ನಾವೆಲ್ಲ ಮೈಮರೆತೆವು. ಪುಟ್ಟ ಮಾತ್ರ ಮಗಳ ಹೆಗಲಿನಿಂದ ಇಳಿಯಲಿಲ್ಲ. ಮರಳು ಬೇಡ, ನೀರು ಬೇಡ, ಬಿಸ್ಕತ್ತೂ ಬೇಡ. ಮೊದಲು ಅತ್ತ, ಆಮೇಲೆ ಅಳುವುದನ್ನೂ ನಿಲ್ಲಿಸಿದ. ಅಳು ನಿಂತಿತಲ್ಲ ಎಂದು ನಮಗೆ ಸಮಾಧಾನ! ಮಗು ಸುಮ್ಮನಾದರೆ ಯಾವಾಗಲೂ ಒಳ್ಳೆಯದೆಂದು ತಿಳಿಯಬೇಡಿ.

ಸೂರ್ಯ ಮುಳುಗುವ ಹೊತ್ತಿಗೆ ಎತ್ತಿಕೊಂಡಾಗ ಮೈ ಕಾದ ಹೆಂಚಿನಂತಿತ್ತು, ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಅಲ್ಲಿಂದಲೇ ಆ ದ್ವೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡಿದೆವು. ಚಿಕ್ಕ ವಯಸ್ಸಿನ ವೈದ್ಯೆ, ನಿಮ್ಮ ವಯಸ್ಸಿನವಳೇ. ಮಗುವನ್ನು ಪರೀಕ್ಷಿಸುತ್ತಾ ಒಂದೇ ಪ್ರಶ್ನೆ ಕೇಳಿದಳು: "ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?"

ನಾವು ನಾಲ್ಕು ಜನ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಳೆಯ ದೋಣಿ ಎಷ್ಟು ಗಂಟೆಗೆ ಎಂದು ಕೇಳಿದ್ದರೆ ನಾಲ್ವರೂ ನಿಮಿಷ ತಪ್ಪದೆ ಹೇಳುತ್ತಿದ್ದೆವು. ಇದಕ್ಕೆ ಉತ್ತರ ಒಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಹಾಕಿದ ಡಯಾಪರ್ ಸಂಜೆಯವರೆಗೂ ಒಣಗಿಯೇ ಇತ್ತು. ಎರಡು ಮಕ್ಕಳನ್ನು ಹೆತ್ತು ಸಾಕಿದ ನನಗೆ ಆ ಕ್ಷಣದಲ್ಲಿ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಮೈಯಲ್ಲಿ ನೀರು ಕಡಿಮೆಯಾಗಿದೆ, ಆದರೆ ಸಮಯಕ್ಕೆ ಬಂದಿದ್ದೀರಿ, ಬಾಯಿಯ ಮೂಲಕವೇ ಕೊಟ್ಟು ನೋಡೋಣ ಎಂದಳು ಆಕೆ. ಓ.ಆರ್.ಎಸ್. ನೀರನ್ನು ಲೋಟದಲ್ಲಿ ಕುಡಿಸಬಾರದು, ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು. ಆ ಕೇಂದ್ರದ ಬೆಂಚಿನ ಮೇಲೆ ಮಗಳು ಮತ್ತು ನಾನು ಸರದಿಯ ಮೇಲೆ ಚಮಚ ಹಿಡಿದು ಕುಳಿತೆವು. ಅಳಿಯ ಗಡಿಯಾರ ನೋಡಿ "ಈಗ" ಎನ್ನುವುದು, ನಾವು ಕೊಡುವುದು. ರಾತ್ರಿ ಹನ್ನೊಂದರ ಹೊತ್ತಿಗೆ ಪುಟ್ಟ ನನ್ನ ಸೀರೆಯನ್ನು ಒದ್ದೆ ಮಾಡಿದ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಸೀರೆಯನ್ನೂ ಒಗೆದಿಲ್ಲ.

ಮರುದಿನ ಬೆಳಿಗ್ಗೆ ನಮ್ಮವರು ಮಾತಾಡದೆ ಪಟ್ಟಿಯ ಆರೂ ಪ್ರತಿಗಳನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದರು. ಎಲಿಫೆಂಟ್ ಬೀಚ್ ಬಿಟ್ಟೆವು, ನೀಲ್ ದ್ವೀಪ ಬಿಟ್ಟೆವು. ವಿಜಯನಗರದ ತೀರದ ಹತ್ತಿರ ನಮ್ಮ ಕೋಣೆ. ಹೆಸರು ಕೇಳಿ ನಮ್ಮ ಹಂಪಿಯ ನೆನಪಾಯಿತೇ? ನನಗೂ ಆಯಿತು. ಆದರೆ ಅಲ್ಲಿಯ ಹಳ್ಳಿಗಳೆಲ್ಲ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ ಎಂಬ ಇಂಥ ಹೆಸರಿನವೇ. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ಊರುಗಳು ಅವು. ಮುಂದಿನ ಎರಡು ದಿನ ನಾವು ಎಲ್ಲಿಗೂ ಹೋಗಲಿಲ್ಲ. ಆಗ ಗೊತ್ತಾಯಿತು ನೋಡಿ, ಮಕ್ಕಳೊಂದಿಗೆ ದ್ವೀಪದಲ್ಲಿ ಇರುವುದು ಹೇಗೆ ಎಂದು.

ಅಲ್ಲಿ ಗಡಿಯಾರಕ್ಕಿಂತ ಸೂರ್ಯ ದೊಡ್ಡವನು. ದ್ವೀಪಗಳು ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಹಾಗಾಗಿ ಜನವರಿಯಲ್ಲಿ ಸಂಜೆ ಐದೂಕಾಲು, ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಲ್ಲಿಯವರಂತೆ ಬೇಗ ಎದ್ದು, ಎಂಟಕ್ಕೆ ಮಕ್ಕಳನ್ನು ಮಲಗಿಸಿಬಿಡಿ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಮೂರೂವರೆಯಿಂದ ಕತ್ತಲಾಗುವವರೆಗೆ, ಇಷ್ಟೇ ಕಡಲಿನ ಹೊತ್ತು. ನಡುವಿನ ಬಿಸಿಲಿನಲ್ಲಿ ನೆರಳು, ಊಟ, ನಿದ್ದೆ, ಕಥೆ.

ಸೂರ್ಯನಿಗಿಂತಲೂ ದೊಡ್ಡದು ಸಮುದ್ರದ ಉಬ್ಬರ-ಇಳಿತ. ಬೆಳಿಗ್ಗೆ ಮೆಟ್ಟಿಲ ಹತ್ತಿರ ಇದ್ದ ನೀರು ಮಧ್ಯಾಹ್ನ ದೂರ ಹೋಗಿ, ಬರೀ ಕಲ್ಲು ಮತ್ತು ಹವಳದ ತುಂಡುಗಳು ಬಿದ್ದಿದ್ದವು. ಪುಟ್ಟಿ ಓಡಿ ಬಂದು, "ಅಜ್ಜೀ, ಕಡಲು ಎಲ್ಲಿಗೆ ಹೋಯ್ತು?" ಎಂದಳು. ಮನೆಯಲ್ಲಿ ಅಪ್ಪನೊಡನೆ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ನನ್ನೊಡನೆ ಮಾತ್ರ ಕನ್ನಡ ಆಡುವ ಹುಡುಗಿ. ಅವಳ ಕನ್ನಡದ ಪ್ರಶ್ನೆ ಸಾಮಾನ್ಯವಾಗಿ "ತಿಂಡಿ ಏನು?" ಎಂಬುದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು, ದಿನದಿಂದ ದಿನಕ್ಕೆ ಅದು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಇದಕ್ಕೆಲ್ಲ ಚಂದ್ರ ಕಾರಣ ಎಂದು ಕೈಸನ್ನೆ ಮಾಡಿ ಹೇಳಿದೆ. ಎರಡು ದಿನದಲ್ಲಿ ಉಬ್ಬರ, ಇಳಿತ, ಏಡಿ, ದಡ, ಅಲೆ, ಮರಳು ಎಲ್ಲ ಅವಳ ಬಾಯಿಗೆ ಬಂದವು. ನಾನು ಪಾಠ ಮಾಡಲಿಲ್ಲ, ಅಲ್ಲಿ ಬೇರೆ ಕೆಲಸವಿರಲಿಲ್ಲ ಅಷ್ಟೇ.

ಒಂದು ಸಂಜೆ ಅವಳು ಚೆಂದದ ಶಂಖುವೊಂದನ್ನು ತಂದು ಚೆನ್ನೈಗೆ ಒಯ್ಯಲೆಂದು ಲೋಟದಲ್ಲಿಟ್ಟಳು. ರಾತ್ರಿ ಲೋಟದಿಂದ ಟಕ್ ಟಕ್ ಸದ್ದು. ದೀಪ ಹಾಕಿ ನೋಡಿದರೆ ಶಂಖು ನಡೆಯುತ್ತಿದೆ! ಅದು ಸನ್ಯಾಸಿ ಏಡಿ. ಖಾಲಿ ಚಿಪ್ಪಿನಲ್ಲಿ ಸಂಸಾರ ಹೂಡಿ, ಮೈ ಬೆಳೆದಂತೆ ದೊಡ್ಡ ಚಿಪ್ಪಿಗೆ ಮನೆ ಬದಲಾಯಿಸುವ ಪ್ರಾಣಿ. ಬಾಡಿಗೆಮನೆಯವರಂತೆ ಎನ್ನಿ. ಪುಟ್ಟಿ ಅತ್ತಳು, ಆಮೇಲೆ ತಾನೇ ಬೆಳಿಗ್ಗೆ ಐದೂವರೆಗೆ ಎದ್ದು ಅದನ್ನು ದಡಕ್ಕೆ ಬಿಟ್ಟು ಬಂದಳು. ನಾವು ಎತ್ತಿಕೊಂಡು ಬರುವ ಪ್ರತಿ ಚಿಪ್ಪೂ ಯಾವುದೋ ಒಂದು ಏಡಿಯ ಮನೆ. ಹವಳವಂತೂ, ಸತ್ತ ತುಂಡಾದರೂ, ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ತಪಾಸಣೆ ಮಾಡುತ್ತಾರೆ.

ಇನ್ನು ನೀವು ಕೇಳಿದ ಪಟ್ಟಿಗೆ ಬರುತ್ತೇನೆ.

ಹೋಗುವ ಕಾಲ: ಡಿಸೆಂಬರಿನಿಂದ ಏಪ್ರಿಲಿನವರೆಗೆ ಒಳ್ಳೆಯದು. ಮೇ ತಿಂಗಳಿನಿಂದ ಮಳೆ, ಅಲೆ ಎರಡೂ ಜೋರು. ಗಾಳಿ-ಮಳೆ ಬಂದರೆ ದೋಣಿ ನಿಲ್ಲಿಸುತ್ತಾರೆ, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಆದ್ದರಿಂದ ಯಾವ ಕಾಲದಲ್ಲೇ ಹೋಗಿ, ಮರಳುವ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಿ. ಹ್ಯಾವ್‌ಲಾಕಿನಿಂದ ಬೆಳಿಗ್ಗೆ ದೋಣಿ ಹಿಡಿದು ಮಧ್ಯಾಹ್ನ ವಿಮಾನ ಹಿಡಿಯುತ್ತೇವೆಂಬ ಲೆಕ್ಕಾಚಾರ ಬೇಡ.

ಕಾಗದಪತ್ರ: ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್‌ಗಳಿಗೆ ನಮಗೆ ಪರವಾನಗಿ ಬೇಕಿಲ್ಲ. ದೊಡ್ಡವರ ಗುರುತಿನ ಚೀಟಿ, ಮಕ್ಕಳ ಜನನ ಪ್ರಮಾಣಪತ್ರದ ಪ್ರತಿ ಇರಲಿ. ದೋಣಿಯ ಟಿಕೆಟ್ ಮೊದಲೇ ಮಾಡಿಸಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಫೋನು, ಇಂಟರ್‌ನೆಟ್ ಸುಧಾರಿಸಿದೆ. ಆದರೂ ಕೈಯಲ್ಲಿ ಸ್ವಲ್ಪ ನಗದು ಇರಲಿ.

ವಿಮಾನ, ದೋಣಿ: ವಿಮಾನ ಇಳಿಯುವಾಗ ಕೂಸಿಗೆ ಹಾಲು ಕುಡಿಸಿ, ದೊಡ್ಡ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಡಿ, ಕಿವಿನೋವು ಕಡಿಮೆ. ದೋಣಿಯಲ್ಲಿ ಮಧ್ಯಭಾಗದ ಸೀಟು ಕೇಳಿ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಫೋನಿನಲ್ಲಿ ಚಿತ್ರ ತೋರಿಸುವ ಬದಲು ದೂರದ ದಿಗಂತ ತೋರಿಸಿ. ವಾಂತಿಯ ಮಾತ್ರೆಯನ್ನು ನಿಮ್ಮ ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ.

ಔಷಧದ ಚೀಲ: ಓ.ಆರ್.ಎಸ್. ಪೊಟ್ಟಣ ಹತ್ತು, ಒಂದು ಚಮಚ, ಥರ್ಮಾಮೀಟರ್, ವೈದ್ಯರು ತೂಕ ನೋಡಿ ಬರೆದುಕೊಟ್ಟ ಜ್ವರದ ಔಷಧ. ಪೊಟ್ಟಣವನ್ನು ಎಷ್ಟು ನೀರಿಗೆ ಹಾಕಬೇಕೆಂದು ಅದರ ಮೇಲೇ ಬರೆದಿರುತ್ತದೆ, ಕಣ್ಣಳತೆ ಮಾಡಬೇಡಿ. ಚಿಕ್ಕ ಮಗು ಆರು ಗಂಟೆ ಮೂತ್ರ ಮಾಡದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಬಾಯಿ ಒಣಗಿ ಮಂಕಾಗಿದ್ದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ಕೋಣೆ ಸೇರಿದ ಕೂಡಲೇ ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ.

ಬಟ್ಟೆ, ಊಟ: ತೋಳು ಮುಚ್ಚುವ ತೆಳು ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ, ನೀರಿನಲ್ಲೂ ಹಾಕಿಕೊಳ್ಳುವ ಚಪ್ಪಲಿ. ಇಳಿತದ ಸಮಯದಲ್ಲಿ ಕಲ್ಲು, ಹವಳ ಕಾಲು ಕುಯ್ಯುತ್ತವೆ. ಆರು ತಿಂಗಳೊಳಗಿನ ಕೂಸನ್ನು ನೇರ ಬಿಸಿಲಿಗೆ ಒಡ್ಡಲೇಬೇಡಿ. ಮರಳುನೊಣದ ಕಡಿತಕ್ಕೆ ಕೊಬ್ಬರಿಎಣ್ಣೆ ಮೊದಲೇ ಹಚ್ಚಿದರೆ ಒಳ್ಳೆಯದು. ಅನ್ನ, ಬೇಳೆ, ಬಾಳೆಹಣ್ಣು, ಎಳನೀರು ಎಲ್ಲ ಕಡೆ ಸಿಗುತ್ತವೆ. ಜೊತೆಗೆ ಮನೆಯ ಅವಲಕ್ಕಿ, ರಾಗಿ ಹುರಿಹಿಟ್ಟು ಇರಲಿ, ಬಿಸಿನೀರು ಸಿಕ್ಕರೆ ಮಗುವಿನ ಊಟ ಆದಂತೆ. ಬಳಸಿದ ಡಯಾಪರನ್ನು ದಡದಲ್ಲಿ ಹೂಳಿ ಬರುವವರನ್ನು ಕಂಡೆ. ದಯವಿಟ್ಟು ನೀವು ಹಾಗೆ ಮಾಡಬೇಡಿ, ಚೀಲದಲ್ಲಿ ತಂದು ಕಸದ ತೊಟ್ಟಿಗೆ ಹಾಕಿ.

ಎಚ್ಚರ: ತೆಂಗಿನ ಮರದ ಕೆಳಗೆ ಮಗುವನ್ನು ಮಲಗಿಸಬೇಡಿ. ಅಲ್ಲಿಯ ಉಪ್ಪುನೀರಿನ ಮೊಸಳೆಗಳು ಕಟ್ಟುಕಥೆಯಲ್ಲ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ಒಬ್ಬ ಪ್ರವಾಸಿಯನ್ನು ಮೊಸಳೆ ಕೊಂದಿತು. ಎಚ್ಚರಿಕೆಯ ಬೋರ್ಡನ್ನು ಓದಿ, ಹಳ್ಳ ಸಮುದ್ರ ಸೇರುವ ಜಾಗದಿಂದ ದೂರವಿರಿ, ಕತ್ತಲಾದ ಮೇಲೆ ನೀರಿಗಿಳಿಯಬೇಡಿ. ನೀರಿನ ಹತ್ತಿರ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಹೆಸರು ಹಿಡಿದು ಗೊತ್ತುಮಾಡಿ. ಎಲ್ಲರೂ ನೋಡುತ್ತಿದ್ದೇವೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ನಮ್ಮ ಪುಟ್ಟನ ವಿಷಯದಲ್ಲಿ ಆದದ್ದೂ ಅದೇ.

ಬಾರಾಟಾಂಗ್ ಸುಣ್ಣದ ಗುಹೆಗಳಿಗೆ ಹೋಗೋಣವೇ ಎಂದು ಕೇಳುತ್ತೀರಿ. ಚಿಕ್ಕ ಮಕ್ಕಳಿದ್ದರೆ ಬೇಡ ಎನ್ನುತ್ತೇನೆ. ನಡುರಾತ್ರಿ ಕಳೆದೊಡನೆ ಎದ್ದು ವಾಹನಗಳ ಸಾಲಿಗೆ ಕಾಯಬೇಕು. ದಾರಿ ಜಾರವಾ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು, ಫೋಟೋ ತೆಗೆಯುವುದು ಅಪರಾಧ. ಮನುಷ್ಯರನ್ನು ಕಿಟಕಿಯಿಂದ ಇಣುಕಿ ನೋಡುವುದನ್ನು ನಮ್ಮ ಮಕ್ಕಳಿಗೆ ನಾವು ಕಲಿಸಬೇಕಿಲ್ಲ.

ಊರಿಗೆ ಬಂದ ಮೇಲೆ ಸಂಘದ ಮಕ್ಕಳ ಕೂಟದಲ್ಲಿ ಪುಟ್ಟಿಯನ್ನು ಕರೆದು ಅಂಡಮಾನಿನಲ್ಲಿ ಏನು ನೋಡಿದೆ ಎಂದು ಕೇಳಿದರು. ಜೈಲು ಹೇಳಲಿಲ್ಲ, ಏಷ್ಯಾದ ಅತ್ಯುತ್ತಮ ತೀರವನ್ನೂ ಹೇಳಲಿಲ್ಲ. ಮೈಕು ಹಿಡಿದು, "ಏಡಿ ರಾತ್ರಿ ನಡೀತು. ಕಡಲು ಹೋಯ್ತು, ಆಮೇಲೆ ವಾಪಸ್ ಬಂತು" ಎಂದು ಕನ್ನಡದಲ್ಲೇ ಹೇಳಿ ಓಡಿಬಂದಳು. ಪುಟ್ಟನಿಗೆ ಏನೂ ನೆನಪಿಲ್ಲ. ಅವನ ಪಾಲಿನದನ್ನೂ ನಾನೇ ನೆನಪಿಟ್ಟುಕೊಂಡಿದ್ದೇನೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಒಂದೇ ವಾರದಲ್ಲಿ ಎಲ್ಲ ಸುತ್ತಬೇಕೆಂದು ಯಾರೂ ಹೇಳಿಲ್ಲ. ಅವಶ್ಯವಾಗಿ ಹೋಗಿ ಬನ್ನಿ. ಏಳು ದಿನವಿದ್ದರೆ ಎರಡು ಊರು ಸಾಕು, ನಡುವೆ ಏನೂ ಬರೆಯದ ಎರಡು ದಿನ ಇಟ್ಟುಕೊಳ್ಳಿ. ಏನಾದರೂ ಬಿಟ್ಟುಹೋಯಿತೆಂದು ಕೊರಗಬೇಡಿ. ನೀಲ್ ದ್ವೀಪ ಎಲ್ಲಿಗೂ ಹೋಗುವುದಿಲ್ಲ. ನಾವೂ ಅದನ್ನು ಇನ್ನೂ ನೋಡಿಲ್ಲ.